ರೋಸೇಶಿಯ ರೋಗವೂ ಪಥ್ಯವೂ: ಒಂದು ಐತಿಹಾಸಿಕ ಸಮೀಕ್ಷೆ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದವರು ಔಷಧಗಳಿಗೂ ಶಸ್ತ್ರಕ್ರಿಯೆಗೂ ಕೊಟ್ಟಷ್ಟು ಗಮನವನ್ನು ಪಥ್ಯಕ್ಕೆ ಕೊಟ್ಟಂತೆ ತೋರುವುದಿಲ್ಲ. ಔಷಧಕ್ಕೆ ಹುಟ್ಟಿದ ವರ್ಷವುಂಟು, ಕಂಡುಹಿಡಿದವನ ಹೆಸರುಂಟು. ಪಥ್ಯವಾದರೋ ತಲೆಮಾರಿನಿಂದ ತಲೆಮಾರಿಗೆ ಹೇಳಿಕೆಯಾಗಿ ಸಾಗಿಬರುತ್ತದೆ. ಆದರೆ ಒಂದೇ ಪಥ್ಯವು ಹಲವು ಶತಮಾನಗಳ ಕಾಲ ಉಳಿದುಕೊಂಡು, ಅದಕ್ಕೆ ಕೊಡುವ ಕಾರಣ ಮಾತ್ರ ಮತ್ತೆ ಮತ್ತೆ ಬದಲಾಗುತ್ತ ಹೋದ ಪಕ್ಷದಲ್ಲಿ, ಅದು ಚರಿತ್ರೆಯ ವಿದ್ಯಾರ್ಥಿಗೆ ವಿಚಾರಾರ್ಹವಾದ ಸಂಗತಿಯೇ ಸರಿ. ರೋಸೇಶಿಯ ಎಂಬ ಚರ್ಮರೋಗದ ಪಥ್ಯ ಇಂತಹುದು. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ರೋಸೇಶಿಯವು ಮುಖಕ್ಕೆ ತಗಲುವ ದೀರ್ಘಕಾಲಿಕ ರೋಗ. ಕೆನ್ನೆ, ಮೂಗು, ಗಲ್ಲ, ಹಣೆಗಳು ಮೊದಮೊದಲು ಆಗಾಗ ಕೆಂಪೇರುತ್ತವೆ. ಬರಬರುತ್ತ ಆ ಕೆಂಪು ಸ್ಥಿರವಾಗಿ ನಿಲ್ಲುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ಎದ್ದು ಕಾಣುತ್ತವೆ. ಕೆಲವರಲ್ಲಿ ಕೀವುಗುಳ್ಳೆಗಳು ಏಳುತ್ತವೆ. ಮತ್ತೆ ಕೆಲವರಲ್ಲಿ, ವಿಶೇಷವಾಗಿ ಗಂಡಸರಲ್ಲಿ, ಮೂಗು ದಪ್ಪವಾಗಿ ಗಂಟುಗಂಟಾಗುತ್ತದೆ. ಬಿಳಿಯ ಚರ್ಮದ ಮೇಲೆ ಕೆಂಪು ಸ್ಪಷ್ಟವಾಗಿ ತೋರುವುದರಿಂದ ಈ ರೋಗದ ದಾಖಲೆಗಳು ಬಹುಮಟ್ಟಿಗೆ ಯೂರೋಪಿನವು. ಕಂದು, ಕಪ್ಪು ಬಣ್ಣದವರಿಗೂ ಇದು ಬಾರದೆ ಇಲ್ಲ. ಕೆಂಪು ಮರೆಯಾಗಿರುವುದರಿಂದ ವೈದ್ಯರ ಕಣ್ಣಿಗೆ ತಪ್ಪಿಹೋಗುವುದುಂಟು.

ಈ ರೋಗದ ಆದ್ಯ ವಿವರಣೆಗಳಲ್ಲೊಂದನ್ನು ವೈದ್ಯಚರಿತ್ರೆಕಾರರು ಹದಿನಾಲ್ಕನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಗೀ ದ ಶೋಲಿಯಾಕನಲ್ಲಿ ಗುರುತಿಸುತ್ತಾರೆ. ಅದೇ ಶತಮಾನದ ಕೊನೆಯಲ್ಲಿ ಆಂಗ್ಲ ಕವಿ ಚಾಸರ್ ತನ್ನ 'ಕ್ಯಾಂಟರ್ಬರಿ ಟೇಲ್ಸ್' ಕೃತಿಯಲ್ಲಿ ಚರ್ಚಿನ ನ್ಯಾಯಾಲಯದ ಒಬ್ಬ ಜವಾನನನ್ನು ಚಿತ್ರಿಸಿದ್ದಾನೆ. ಅವನ ಮುಖ ಬೆಂಕಿಯಂತೆ ಕೆಂಪು, ಗುಳ್ಳೆಗಳಿಂದ ತುಂಬಿದ್ದು; ಮಕ್ಕಳು ಅದನ್ನು ಕಂಡು ಹೆದರುತ್ತಾರೆ. ಪಾದರಸ, ಗಂಧಕ, ಬಿಳಿಗಾರ ಮೊದಲಾದ ಯಾವ ಮದ್ದೂ ಅವನಿಗೆ ನಾಟದು. ಅವನಿಗೆ ಪ್ರಿಯವಾದವು ಬೆಳ್ಳುಳ್ಳಿ, ಈರುಳ್ಳಿ ಮತ್ತು ಕಡುಗೆಂಪಾದ ಮದ್ಯ. ಇದು ರೋಸೇಶಿಯವೋ, ಕುಷ್ಠದ ಒಂದು ರೂಪವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ನಮಗೆ ಮುಖ್ಯವಾದುದು ರೋಗದ ಹೆಸರಲ್ಲ, ಮುಖಕ್ಕೂ ಊಟಕ್ಕೂ ಕವಿ ಕಲ್ಪಿಸಿರುವ ಸಂಬಂಧ. ಆ ಸಂಬಂಧ ಕವಿಯ ಸ್ವಂತ ಕಲ್ಪನೆಯಲ್ಲ. ಗ್ಯಾಲೆನನ ಕಾಲದಿಂದ ಬಂದ ಚತುರ್ದ್ರವ ಸಿದ್ಧಾಂತದ ಫಲ. ಆ ಸಿದ್ಧಾಂತದ ಪ್ರಕಾರ ಮದ್ಯ, ಬೆಳ್ಳುಳ್ಳಿ, ಮೆಣಸುಗಳು ಸ್ವಭಾವತಃ ಉಷ್ಣ. ಅವು ದೇಹದ ದ್ರವಗಳನ್ನು ಕೆಡಿಸಿ ಕೆಟ್ಟ ರಕ್ತವನ್ನು ಮುಖಕ್ಕೇರಿಸುತ್ತವೆ.

ಇಲ್ಲಿ 'ಉಷ್ಣ' ಎಂಬ ಮಾತನ್ನು ಎಚ್ಚರದಿಂದ ಅರ್ಥಮಾಡಿಕೊಳ್ಳಬೇಕು. ಕನ್ನಡದ ಓದುಗರಿಗೆ ಇದು ಕಷ್ಟವಲ್ಲ. ನಮ್ಮ ಮನೆಗಳಲ್ಲಿ ಬಿಸಿ ಬೇರೆ, ಖಾರ ಬೇರೆ, ಉಷ್ಣ ಬೇರೆ. ಆರಿದ ಕಾಫಿಯೂ ಉಷ್ಣವೆನಿಸಬಹುದು. ಕುದಿಯುವ ಗಂಜಿಯೂ ತಂಪೆನಿಸಬಹುದು. ಯೂರೋಪಿನ ಹಳೆಯ ವೈದ್ಯರ ಪಥ್ಯವೂ ಈ ಅರ್ಥದ ಉಷ್ಣವನ್ನೇ ಆಧರಿಸಿತ್ತು. ಈ ಮೂರು ಮಾತುಗಳ ವ್ಯತ್ಯಾಸ ಮುಂದೆ ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾಗುತ್ತದೆ.

ಪಥ್ಯದೊಡನೆ ಒಂದು ನೈತಿಕ ತೀರ್ಪೂ ಬೆಳೆಯಿತೆಂಬುದನ್ನು ಮರೆಯಲಾಗದು. ಕೆಂಪು ಮೂಗು ಕುಡುಕನ ಗುರುತಾಯಿತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬಾರ್ಡಾಲ್ಫನ ಮುಖವು ಸಹಚರರ ಹಾಸ್ಯಕ್ಕೆ ಗುರಿಯಾಗುವುದು ಇದೇ ನಂಬಿಕೆಯಿಂದ. ಆದರೆ ಆ ಕಾಲದವರೆಲ್ಲ ಹೀಗೆಯೇ ಕಂಡರೆಂದು ಹೇಳುವಂತಿಲ್ಲ. ಇಟಲಿಯ ಗಿರ್ಲಂಡಾಯೊ ಸುಮಾರು ೧೪೯೦ರಲ್ಲಿ ರಚಿಸಿದ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಚಿತ್ರವೊಂದರಲ್ಲಿ ಗಂಟುಗಟ್ಟಿದ ಮೂಗಿನ ಮುದುಕನೊಬ್ಬನನ್ನು ಎಳೆಯ ಬಾಲಕನು ನೆಟ್ಟ ನೋಟದಿಂದ, ಅಳುಕಿಲ್ಲದ ಪ್ರೀತಿಯಿಂದ ನೋಡುತ್ತಿದ್ದಾನೆ. ಚಾಸರನ ಮಕ್ಕಳು ಹೆದರಿದರು. ಈ ಬಾಲಕ ಹೆದರಲಿಲ್ಲ. ರೋಗಿಯ ಮುಖವನ್ನು ಅವನ ಶೀಲದ ಸಾಕ್ಷ್ಯವೆಂದು ಓದುವುದು ಅನಿವಾರ್ಯವಾಗಿರಲಿಲ್ಲವೆಂಬುದಕ್ಕೆ ಈ ಚಿತ್ರವೇ ಪ್ರಮಾಣ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚರ್ಮರೋಗಗಳ ಶಾಸ್ತ್ರೀಯ ವರ್ಗೀಕರಣ ನಡೆಯಿತು. ರಾಬರ್ಟ್ ವಿಲನ್ ಆರಂಭಿಸಿದ ಈ ಕಾರ್ಯವನ್ನು ಮುಂದುವರಿಸಿದ ಅವನ ಶಿಷ್ಯ ಥಾಮಸ್ ಬೇಟ್‌ಮನ್ ೧೮೧೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ರೋಗವನ್ನು ಮೊಡವೆಯ ಒಂದು ಪ್ರಭೇದವಾಗಿ ಸೇರಿಸಿದನು. ಹೆಸರು ಹೊಸದಾಯಿತು, ವಿಂಗಡಣೆ ಹೊಸದಾಯಿತು. ಆದರೆ ಮದ್ಯ, ಮಸಾಲೆ, ಬಿಸಿ ಪಾನೀಯಗಳನ್ನು ಬಿಡಬೇಕೆಂಬ ಸಲಹೆ ಹಾಗೆಯೇ ಉಳಿಯಿತು. ಕೆಟ್ಟ ದ್ರವಗಳ ಸ್ಥಾನವನ್ನು ಈಗ ಅಜೀರ್ಣವು ಆಕ್ರಮಿಸಿತು. ದೋಷವು ರಕ್ತದಿಂದ ಹೊಟ್ಟೆಗೆ ವರ್ಗಾವಣೆಯಾಯಿತೆನ್ನಬಹುದು.

ಈ ಎರಡನೆಯ ವಿವರಣೆಗೆ ಪ್ರಯೋಗದ ಬಲ ದೊರೆತದ್ದು ೧೯೨೦ರಲ್ಲಿ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ರೈಲ್ ಮತ್ತು ಹೆರಾಲ್ಡ್ ಬಾರ್ಬರ್ ರೋಸೇಶಿಯ ರೋಗಿಗಳ ಜಠರರಸವನ್ನು ಪರೀಕ್ಷಿಸಿ, ಅವರಲ್ಲಿ ಅನೇಕರಿಗೆ ಆಮ್ಲವು ಕಡಮೆಯಿದೆಯೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ನಮ್ಮ ಆಸ್ಪತ್ರೆಗಳಲ್ಲಿ ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ 'ರೈಲ್ಸ್ ಟ್ಯೂಬ್' ಈ ರೈಲನ ಹೆಸರನ್ನೇ ಹೊತ್ತಿದೆ. ವರದಿಯ ತರುವಾಯ ರೋಗಿಗಳಿಗೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಊಟದೊಡನೆ ಕುಡಿಸುವ ಚಿಕಿತ್ಸೆ ಬಳಕೆಗೆ ಬಂದಿತು. ಆದರೆ ವಯಸ್ಸಾದಂತೆ ಆರೋಗ್ಯವಂತರಲ್ಲಿಯೂ ಜಠರಾಮ್ಲ ತಗ್ಗುವುದುಂಟು. ರೋಗಿಗಳನ್ನು ಪರೀಕ್ಷಿಸಿದರೆ ಸಾಲದು, ಅದೇ ವಯಸ್ಸಿನ ಆರೋಗ್ಯವಂತರೊಡನೆ ಹೋಲಿಸಬೇಕು. ನಂತರದ ಪರಿಶೋಧನೆಗಳು ಆಮ್ಲದ ಕೊರತೆಯೇ ಕಾರಣವೆಂಬ ಮತವನ್ನು ಸ್ಥಿರವಾಗಿ ಸಮರ್ಥಿಸಲಿಲ್ಲ. ೧೯೬೬ರಲ್ಲಿ ಸ್ನೆಡನ್ ಎಂಬ ಬ್ರಿಟಿಷ್ ಚರ್ಮವೈದ್ಯನು ಟೆಟ್ರಸೈಕ್ಲಿನ್ ಔಷಧದ ಪ್ರಯೋಗಫಲವನ್ನು ಪ್ರಕಟಿಸಿದನು. ಅಲ್ಲಿಂದೀಚೆಗೆ ಚಿಕಿತ್ಸೆಯ ಮುಖ್ಯ ಭಾರ ಹೊಟ್ಟೆಯಿಂದ ಔಷಧಕ್ಕೆ ಸರಿಯಿತು.

ಪಥ್ಯವು ಆಗಲೂ ಅಳಿಯಲಿಲ್ಲ; ಆದರೆ ಅದನ್ನು ಮೊದಲ ಬಾರಿಗೆ ಬಿಡಿಸಿ ನೋಡುವ ಕಾಲ ಬಂದಿತು. ೧೯೮೧ರಲ್ಲಿ ಅಮೆರಿಕದ ಜೊನಾಥನ್ ವಿಲ್ಕಿನ್ ನಡೆಸಿದ ಪ್ರಯೋಗವು ಸರಳತೆಯಿಂದಲೇ ಗಮನಾರ್ಹವಾಗಿದೆ. ಆತನು ರೋಗಿಗಳಿಗೆ ೬೦ ಡಿಗ್ರಿ ಸೆಂಟಿಗ್ರೇಡಿನ ಕಾಫಿ, ೨೨ ಡಿಗ್ರಿಗೆ ಆರಿದ ಕಾಫಿ, ೬೦ ಡಿಗ್ರಿಯ ಬರಿಯ ನೀರು, ಮತ್ತು ಕಾಫಿಯ ಸತ್ತ್ವವಾದ ಕೆಫೀನ್ ಇವುಗಳನ್ನು ಬೇರೆಬೇರೆಯಾಗಿ ಕೊಟ್ಟು ಮುಖದ ಕೆಂಪನ್ನು ಅಳೆದನು. ಬಿಸಿ ಕಾಫಿಯಿಂದಲೂ ಬಿಸಿನೀರಿನಿಂದಲೂ ಮುಖ ಸಮಾನವಾಗಿ ಕೆಂಪೇರಿತು. ಆರಿದ ಕಾಫಿಯಿಂದಾಗಲಿ ಕೆಫೀನಿನಿಂದಾಗಲಿ ಕೆಂಪೇರಲಿಲ್ಲ. ಎಂದರೆ, ದೋಷವಿದ್ದದ್ದು ಕಾಫಿಯ ಬಿಸಿಯಲ್ಲಿಯೇ ಹೊರತು ಅದರ ಉಷ್ಣದಲ್ಲಿ ಅಲ್ಲ. ಕಾಫಿಯನ್ನು ತ್ಯಜಿಸಬೇಕೆಂದು ಕೇಳುತ್ತ ಬಂದ ರೋಗಿಗೆ ಅದನ್ನು ಆರಿಸಿ ಕುಡಿದರೆ ಸಾಕಾಗಿತ್ತು.

ಖಾರದ ವಿಷಯ ಬೇರೆಯಾಗಿದೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಚಾಸರನ ಕಾಲದ ಯೂರೋಪ್ ಅದನ್ನು ಕಂಡಿರಲಿಲ್ಲ. ೧೯೯೭ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಮೆಣಸಿನಕಾಯಿಯ ಖಾರವನ್ನು ಗ್ರಹಿಸುವ ನರಗ್ರಾಹಕವನ್ನು ಗುರುತಿಸಿದರು. ಸುಮಾರು ೪೩ ಡಿಗ್ರಿಗೆ ಮೇಲ್ಪಟ್ಟ ಬಿಸಿಯನ್ನೂ ಅದೇ ಗ್ರಾಹಕವು ಗ್ರಹಿಸುತ್ತದೆ. ಜೂಲಿಯಸನಿಗೆ ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ನಮ್ಮ ಭಾಷೆ ಬೇರ್ಪಡಿಸಿದ ಬಿಸಿಯೂ ಖಾರವೂ ನರದ ತುದಿಯಲ್ಲಿ ಹೀಗೆ ಒಂದಾಗುತ್ತವೆ. ರೋಸೇಶಿಯದಲ್ಲಿ ನರಗಳೂ ರಕ್ತನಾಳಗಳೂ ಚರ್ಮದ ರೋಗನಿರೋಧಕ ವ್ಯವಸ್ಥೆಯೂ ಅತಿಯಾಗಿ ಪ್ರತಿಕ್ರಿಯಿಸುತ್ತವೆ ಎಂಬುದು ಇಂದಿನ ಅಭಿಪ್ರಾಯ. ಈ ದೃಷ್ಟಿಯಿಂದ ಖಾರವನ್ನು ತಗ್ಗಿಸಬೇಕೆಂಬ ಹಳೆಯ ಸಲಹೆಗೆ ಹೊಸ ಆಧಾರವೊಂದು ದೊರೆತಿದೆ.

ಮದ್ಯ ಮತ್ತು ಕಾಫಿಗಳನ್ನು ಕುರಿತು ಅಮೆರಿಕದ ೮೨,೭೩೭ ಮಹಿಳೆಯರನ್ನು ೧೯೯೧ರಿಂದ ೨೦೦೫ರವರೆಗೆ ಅನುಸರಿಸಿದ ಅಧ್ಯಯನದ ಫಲಗಳು ೨೦೧೭ ಮತ್ತು ೨೦೧೮ರಲ್ಲಿ ಪ್ರಕಟವಾದವು. ಮದ್ಯ ಸೇವಿಸುವವರಲ್ಲಿ, ವಿಶೇಷವಾಗಿ ಬಿಳಿಯ ದ್ರಾಕ್ಷಾಮದ್ಯ ಮತ್ತು ತೀಕ್ಷ್ಣ ಮದ್ಯಗಳನ್ನು ಸೇವಿಸುವವರಲ್ಲಿ, ರೋಗ ಸ್ವಲ್ಪ ಹೆಚ್ಚಾಗಿ ಕಂಡಿತು. ಕಾಫಿಯನ್ನು ಹೆಚ್ಚು ಕುಡಿಯುವವರಲ್ಲಾದರೋ ರೋಗವು ಕಡಮೆಯಾಗಿತ್ತು. ಇವು ಸಹಸಂಬಂಧಗಳೇ ವಿನಾ ಕಾರಣದ ಸಿದ್ಧಿಯಲ್ಲ. ಮದ್ಯವನ್ನು ಮುಟ್ಟದವರಲ್ಲಿಯೂ ಈ ರೋಗ ಬರುತ್ತದೆಂಬ ಸಂಗತಿಯು ಬಾರ್ಡಾಲ್ಫನ ಕಾಲದ ತೀರ್ಪನ್ನು ನಿರಾಕರಿಸಲು ಸಾಕು.

ಅಮೆರಿಕದ ನ್ಯಾಷನಲ್ ರೋಸೇಶಿಯ ಸೊಸೈಟಿಯು ೧,೦೬೬ ರೋಗಿಗಳನ್ನು ವಿಚಾರಿಸಿದಾಗ ಮದ್ಯದಿಂದ ಕೆರಳುತ್ತದೆಂದವರು ಶೇಕಡ ೫೨, ಖಾರದಿಂದ ಎಂದವರು ೪೫, ಬಿಸಿ ಪಾನೀಯದಿಂದ ಎಂದವರು ೩೬. ಬಿಸಿಲಿನಿಂದ ಎಂದವರು ಶೇಕಡ ೮೧. ಈ ಅಂಕಿಗಳಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಒಬ್ಬನಿಗೆ ಅಪಥ್ಯವಾದುದು ಮತ್ತೊಬ್ಬನಿಗೆ ಅಪಥ್ಯವಾಗಬೇಕೆಂದಿಲ್ಲ. ಮತ್ತು ಆಹಾರಕ್ಕಿಂತ ಬಿಸಿಲೇ ಹೆಚ್ಚು ಮಂದಿಯನ್ನು ಕಾಡುತ್ತದೆ. ಆದುದರಿಂದ ಎಲ್ಲರಿಗೂ ಒಂದೇ ನಿಷೇಧದ ಪಟ್ಟಿಯನ್ನು ಕೊಡುವ ಬದಲು, ರೋಗಿಯು ತಾನು ಉಂಡದ್ದನ್ನೂ ಮುಖ ಕೆರಳಿದ ದಿನವನ್ನೂ ಬರೆದಿಟ್ಟುಕೊಂಡು, ಸಂದೇಹ ಬಂದ ಪದಾರ್ಥಗಳನ್ನು ಒಂದೊಂದಾಗಿ ಬಿಟ್ಟು ನೋಡುವುದೇ ಇಂದಿನ ಕ್ರಮ. ಪಥ್ಯವು ಕೆರಳಿಕೆಯನ್ನು ತಗ್ಗಿಸಬಲ್ಲದು. ರೋಗವನ್ನು ಬೇರುಸಹಿತ ಕೀಳಲಾರದು. ಬಿಸಿಲಿನಿಂದ ರಕ್ಷಣೆಗೂ ವೈದ್ಯರ ಔಷಧಕ್ಕೂ ಅದು ಬದಲಿಯಾಗದು.

ಸಲಹೆಯೊಂದು ಬಹುಕಾಲ ಬಾಳಿತೆಂಬುದರಿಂದ ಅದರ ಕಾರಣವೂ ನಿಜವೆಂದು ಸಿದ್ಧವಾಗುವುದಿಲ್ಲ; ಕಾರಣ ಸುಳ್ಳಾಯಿತೆಂಬುದರಿಂದ ಸಲಹೆಯೆಲ್ಲವೂ ವ್ಯರ್ಥವೆಂದೂ ಹೇಳಲಾಗದು. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕಾದುದು ಚರಿತ್ರೆಯ ಅಭ್ಯಾಸಿಯ ಕರ್ತವ್ಯ. ಪ್ರಕೃತ ವಿಷಯದಲ್ಲಿ ಹಾಗೆ ಪರೀಕ್ಷಿಸಿದಾಗ ಖಾರ ಮದ್ಯಗಳ ಬಗೆಗಿನ ಎಚ್ಚರಿಕೆ ಬಹುಮಟ್ಟಿಗೆ ಉಳಿಯಿತು, ಕಾಫಿ ನಿರ್ದೋಷಿಯಾಗಿ ಹೊರಬಂದಿತು. ಇವುಗಳಿಗಿಂತ ಮುಖ್ಯವಾಗಿ, ಶತಮಾನಗಳ ಕಾಲ ತನ್ನ ಮುಖಕ್ಕೆ ತಾನೇ ಹೊಣೆಯೆಂದು ನಿಂದೆಗೆ ಗುರಿಯಾಗಿದ್ದ ರೋಗಿಯು ಆ ಆಪಾದನೆಯಿಂದ ಬಿಡುಗಡೆ ಹೊಂದಿದನು.