ಕೊಪ್ಪಳ ಸೀಮೆಯ ವಿದ್ಯಾರ್ಥಿಗಳೂ ಕಾಯಿದೆಯ ವಿದ್ಯಾಪೀಠಗಳೂ

ವಿದ್ಯೆಯನ್ನು ಎಲ್ಲಿ ಕಲಿಯಬೇಕೆಂಬ ಪ್ರಶ್ನೆಯು, ಕಲಿತ ವಿದ್ಯೆಯನ್ನು ಯಾರ ಸಲುವಾಗಿ ವಿನಿಯೋಗಿಸಬೇಕೆಂಬ ಪ್ರಶ್ನೆಯಿಂದ ಬೇರೆಯಾದುದಲ್ಲ. ಕಾಯಿದೆಯ ವಿದ್ಯೆಗಂತೂ ಈ ಮಾತು ವಿಶೇಷವಾಗಿ ಸಲ್ಲುವದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ತರುಣರಿಗೆ ಈ ವಿದ್ಯೆಗಾಗಿ ತೆರೆದಿದ್ದ ದಾರಿಗಳ ಇತಿಹಾಸವೇ ಇದಕ್ಕೆ ಸಾಕ್ಷಿಯಾಗಿದೆ.

ವ್ಯವಹಾರಧರ್ಮವು ಈ ಸೀಮೆಗೆ ಹೊಸದಲ್ಲ. ಯಲಬುರ್ಗೆಯು ಎರಂಬರಗೆಯೆಂಬ ಹೆಸರಿನಿಂದ ಸಿಂದ ಮಾಂಡಲಿಕರ ರಾಜಧಾನಿಯಾಗಿದ್ದಿತು. ಆ ಸಿಂದರ ಒಡೆಯರಾದ ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆಸ್ತಿಯ ಹಂಚಿಕೆಯ ವಿಷಯದಲ್ಲಿ ವಂಗದೇಶವನ್ನು ಬಿಟ್ಟು ಭರತಖಂಡದ ಬಹುಭಾಗಕ್ಕೆ ಈ ಗ್ರಂಥವೇ ಪ್ರಮಾಣವಾಯಿತು. ಆದರೆ 1810ರಲ್ಲಿ ಕೋಲ್‌ಬ್ರೂಕನು ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ಪರಿವರ್ತಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಆ ಪರಿವರ್ತನೆಯನ್ನೇ ಆಶ್ರಯಿಸಿದವು. ಹೀಗೆ ಕಲ್ಯಾಣದಲ್ಲಿ ಹುಟ್ಟಿದ ಶಾಸ್ತ್ರವನ್ನು ಕಲ್ಯಾಣದ ನೆರೆಯವರೇ ಪರಸ್ಥಳಕ್ಕೆ ಹೋಗಿ ಪರಭಾಷೆಯಲ್ಲಿ ಓದುವ ಕಾಲವು ಬಂದಿತು.

1948ರ ಸಪ್ಟೆಂಬರ 17ರ ವರೆಗೆ ಈ ನಾಲ್ಕೂ ತಾಲೂಕುಗಳು ಹೈದರಾಬಾದು ಸಂಸ್ಥಾನದಲ್ಲಿದ್ದವು. ಕೊಪ್ಪಳ, ಯಲಬುರ್ಗೆಗಳು ಸಾಲಾರ್‌ಜಂಗರ ಜಾಗೀರು. ಕುಷ್ಟಗಿ, ಗಂಗಾವತಿಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಅಂದಿನ ವಿದ್ಯಾರ್ಥಿಯ ಮುಂದೆ ಮುಖ್ಯವಾಗಿ ಎರಡು ದಾರಿಗಳಿದ್ದವು.

ಮೊದಲನೆಯದು ಹೈದರಾಬಾದಿನ ದಾರಿ. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿದ್ಯಾಪೀಠವು ಉಚ್ಚ ಶಿಕ್ಷಣವನ್ನು ಉರ್ದು ಭಾಷೆಯಲ್ಲಿ ಕೊಡತೊಡಗಿತು. ಇದಕ್ಕಾಗಿಯೇ ಭಾಷಾಂತರ ಇಲಾಖೆಯೊಂದು ನೂರಾರು ಗ್ರಂಥಗಳನ್ನು ಉರ್ದುವಿಗೆ ತಂದಿತು. ದೇಶಭಾಷೆಯಲ್ಲಿ ಉನ್ನತ ವಿದ್ಯೆಯು ಸಾಧ್ಯವೆಂಬುದನ್ನು ತೋರಿಸಿದ ಶ್ರೇಯಸ್ಸು ಆ ವಿದ್ಯಾಪೀಠಕ್ಕೆ ನಿಸ್ಸಂಶಯವಾಗಿ ಸಲ್ಲತಕ್ಕದ್ದು. ಸಂಸ್ಥಾನದ ನ್ಯಾಯಾಲಯಗಳ ಭಾಷೆಯೂ ಉರ್ದುವೇ ಆಗಿದ್ದುದರಿಂದ ಅಲ್ಲಿ ಕಲಿತವನಿಗೆ ವಕೀಲಿಯು ಸುಗಮವಾಗಿದ್ದಿತು. ಆದರೆ ಮನೆಯಲ್ಲಿ ಕನ್ನಡವಾಡಿದ ಬಾಲಕನಿಗೆ ಅದು ತಾಯ್ನುಡಿಯಲ್ಲ. ಅವನ ಕಕ್ಷಿದಾರನಾದ ರೈತನಿಗಂತೂ ತನ್ನ ಹೊಲದ ತೀರ್ಪೇ ಅರಿಯದ ಲಿಪಿಯಲ್ಲಿರುತ್ತಿದ್ದಿತು.

ಎರಡನೆಯದು ಮುಂಬಯಿ ಇಲಾಖೆಯ ದಾರಿ. ಕೊಪ್ಪಳದಿಂದ ರೈಲುಮಾರ್ಗವು ಗದಗು, ಹುಬ್ಬಳ್ಳಿ, ಧಾರವಾಡಗಳ ಮೇಲೆ ಬೆಳಗಾವಿ, ಪುಣೆಗಳತ್ತ ಸಾಗುವದು. ರಾಜಕೀಯ ಗಡಿಯು ಪೂರ್ವಕ್ಕೆ ಎಳೆದರೂ ಉಗಿಬಂಡಿಯು ಪಶ್ಚಿಮಕ್ಕೆ ಒಯ್ಯುತ್ತಿದ್ದಿತು. ಆಗ ಕಾಯಿದೆಯ ಅಧ್ಯಯನವು ಮೊದಲ ಪದವಿಯ ತರುವಾಯದ್ದು. ಆದುದರಿಂದ 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಇಲ್ಲವೆ 1933ರ ಬೆಳಗಾವಿಯ ಲಿಂಗರಾಜ ಕಾಲೇಜು ಮೊದಲ ಮೆಟ್ಟಿಲು. ಆ ಬಳಿಕ 1855ರಷ್ಟು ಹಳೆಯದಾದ ಮುಂಬಯಿಯ ಸರಕಾರಿ ಲಾ ಕಾಲೇಜಿಗಾಗಲಿ, 1924ರಲ್ಲಿ ತೆರೆದ ಪುಣೆಯ ಲಾ ಕಾಲೇಜಿಗಾಗಲಿ ಹೋಗಬೇಕಾಗಿದ್ದಿತು. 1939ರಲ್ಲಿ ಕರ್ನಾಟಕ ಲಾ ಸೊಸಾಯಿಟಿಯು ಬೆಳಗಾವಿಯಲ್ಲಿ ಕಾಲೇಜನ್ನು ತೆರೆದುದರಿಂದ ಕನ್ನಡ ನೆಲದಲ್ಲಿಯೇ ಆ ವಿದ್ಯೆಯು ದೊರೆಯಿತು. ಇದೇ ಮುಂದೆ ರಾಜಾ ಲಖಮಗೌಡ ಲಾ ಕಾಲೇಜೆಂದು ಪ್ರಸಿದ್ಧವಾಯಿತು. ಬಡವನ ಆಯ್ಕೆಯನ್ನು ವಿದ್ಯಾಪೀಠದ ಕೀರ್ತಿಗಿಂತ ಅನ್ನವಸತಿಗಳೇ ನಿರ್ಣಯಿಸುತ್ತಿದ್ದವೆಂಬುದನ್ನು ಮರೆಯಲಾಗದು. ಧಾರವಾಡದ ಮುರುಘಾಮಠದಂಥ ಮಠಗಳ ಪ್ರಸಾದನಿಲಯಗಳು ಈ ಕಾರಣದಿಂದಲೇ ವಿದ್ಯೆಯ ಇತಿಹಾಸದಲ್ಲಿ ಸ್ಥಾನ ಪಡೆದಿವೆ. ಆದರೆ ಈ ದಾರಿಯಲ್ಲಿಯೂ ಪಾಠವು ಇಂಗ್ಲಿಷಿನದೇ. ಎರಡು ದಾರಿಗಳಲ್ಲಿ ಒಂದರಲ್ಲಿಯೂ ಕನ್ನಡವಿರಲಿಲ್ಲ.

1956ರ ನವಂಬರ 1ರಂದು ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಲು ದಿಕ್ಕು ಬದಲಾಯಿತು. 1949ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವೂ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ ಹತ್ತಿರವಾದವು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ತರಗತಿಗಳು ಆರಂಭವಾಗಿ, ಪಿಯುಸಿಯ ತರುವಾಯ ನೇರವಾಗಿ ಐದು ವರುಷ ಓದುವ ಪದ್ಧತಿಯು ಪ್ರಸಿದ್ಧಿಗೆ ಬಂದಿತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ರಾಯಚೂರು, ಕಲಬುರ್ಗಿ, ಬೆಳಗಾವಿಗಳ ಕಾಲೇಜುಗಳಲ್ಲಿ ಎಲ್ಲಿ ಓದಿದರೂ ಪರೀಕ್ಷೆಯೊಂದೇ, ಪದವಿಯೊಂದೇ ಆಯಿತು. ಅಲ್ಲಿ ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶವೂ ಇರುವದು.

ಹೀಗಿರಲು ಇಂದಿನ ತಂದೆತಾಯಿಗಳು ಹೆಸರೊಂದನ್ನೇ ನೋಡಿ ನಿರ್ಣಯಿಸುವದು ಯುಕ್ತವಲ್ಲ. ದೇಶವ್ಯಾಪಿ ಪ್ರವೇಶಪರೀಕ್ಷೆಯನ್ನು ಗೆದ್ದು ರಾಷ್ಟ್ರೀಯ ಶಾಲೆಯನ್ನು ಸೇರುವವನಿಗೆ ದೊಡ್ಡ ನಗರಗಳ ಬಾಗಿಲು ತೆರೆಯುವದು. ಆದರೆ ಅಲ್ಲಿ ವೆಚ್ಚವು ಹೆಚ್ಚು, ಭಾಷೆಯು ಇಂಗ್ಲಿಷು. ಊರಿನ ನ್ಯಾಯಾಲಯದಲ್ಲಿಯೇ ನಿಲ್ಲಬಯಸುವವನು ಬೇರೆ ಲೆಕ್ಕ ಹಾಕಬೇಕು. ಕೆಳಗಿನ ನ್ಯಾಯಾಲಯಗಳ ಭಾಷೆ ಕನ್ನಡ. ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷು. ಕಂದಾಯದ ಲೆಕ್ಕದಲ್ಲಿ ಕೊಪ್ಪಳ ಜಿಲ್ಲೆಯು ಕಲಬುರ್ಗಿ ವಿಭಾಗಕ್ಕೆ ಸೇರಿದ್ದರೂ, 2008ರಲ್ಲಿ ಆರಂಭವಾದ ಉಚ್ಚ ನ್ಯಾಯಾಲಯದ ಪೀಠಗಳಲ್ಲಿ ಅದು ಧಾರವಾಡಕ್ಕೆ ಸೇರಿದೆ. ಆದುದರಿಂದ ಎರಡು ಭಾಷೆಗಳನ್ನೂ ಸಮನಾಗಿ ಬಲ್ಲವನೇ ಈ ಸೀಮೆಗೆ ಬೇಕಾದ ವಕೀಲನು. ಆ ಎರಡನ್ನೂ ಬೆಳೆಯಿಸುವ ಸ್ಥಳವೇ ಅವನಿಗೆ ಯೋಗ್ಯವಾದ ಸ್ಥಳವು.

ಹಿಂದಿನವರಿಗೆ ಈ ಆಯ್ಕೆಯ ಸ್ವಾತಂತ್ರ್ಯವಿರಲಿಲ್ಲ, ಇಂದಿನವರಿಗೆ ಇದೆ. ತೀರ್ಪನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಏನಿದೆಯೆಂದು ಮತ್ತೊಬ್ಬನನ್ನು ಕೇಳುವ ರೈತನ ಸ್ಥಿತಿಯು ಪುನಃ ಬಾರದಂತೆ ಮಾಡುವ ವಿದ್ಯಾವಂತರು ಈ ನಾಲ್ಕು ತಾಲೂಕುಗಳಿಂದ ಹೊರಡಲಿ. ಭಕ್ತಮಹಾಶಯರು ಮಕ್ಕಳ ಮುಂದಿನ ದಾರಿಯನ್ನು ಯೋಚಿಸುವಾಗ ಈ ಇತಿಹಾಸವನ್ನು ನೆನೆಯುವದು ಶ್ರೇಯಸ್ಕರವು.