ಅವಧಿಯ ಕರಾರು: ಅಕ್ರೊಪಾಂಗಿಗೆ ಬಂದ ಜಮೈಕಾದ ಕ್ರೈಸ್ತರು

ಬಾಸೆಲ್ ಮಿಶನ್ನಿನ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದುದು, 1843ರಲ್ಲಿ ಮೋಗ್ಲಿಂಗರು ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದುದು, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದುದು—ಇವೆಲ್ಲ ನಮ್ಮ ಸಾಹಿತ್ಯಚರಿತ್ರೆಯ ಪರಿಚಿತ ಸಂಗತಿಗಳು. ಆದರೆ ಅದೇ ಸಂಸ್ಥೆಯು ಮಂಗಳೂರಿಗೆ ಆರು ವರ್ಷ ಮೊದಲೇ ಆಫ್ರಿಕೆಯ ಪಶ್ಚಿಮತೀರದಲ್ಲಿ, ಅಂದು ಗೋಲ್ಡ್ ಕೋಸ್ಟ್ ಎಂದೂ ಇಂದು ಘಾನಾ ಎಂದೂ ಕರೆಯಿಸಿಕೊಳ್ಳುವ ನಾಡಿನಲ್ಲಿ, ಕಾಲಿಟ್ಟಿತ್ತೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದ ವಿಷಯವಲ್ಲ. ಆ ವೃತ್ತಾಂತದೊಳಗಿನ ಒಂದು ಪ್ರಕರಣವನ್ನು ಇಲ್ಲಿ ವಿಚಾರಿಸತಕ್ಕದ್ದಾಗಿದೆ.

ಇದಕ್ಕೊಂದು ಪ್ರಸಕ್ತಿಯೂ ಉಂಟು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಅಮೆರಿಕ ಮೊದಲಾದ ದೇಶಗಳ ಚರ್ಚುಗಳಿಂದ ಸಣ್ಣ ಗುಂಪುಗಳು ಎರಡು ವಾರವೋ ಎರಡು ತಿಂಗಳೋ ಹೊರದೇಶಕ್ಕೆ ಹೋಗಿ, ಮನೆ ಕಟ್ಟಿ, ಪಾಠ ಹೇಳಿ, ರೋಗಿಗಳನ್ನು ನೋಡಿ ಹಿಂದಿರುಗುವ ಪದ್ಧತಿಯು ಬಹಳವಾಗಿ ಬೆಳೆದಿದೆ. ಇದನ್ನು ಆಕ್ಷೇಪಿಸುವವರು ಕೇಳುವ ಪ್ರಶ್ನೆ ಒಂದೇ: ಊರಿಗೆ ಮರಳುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ಬಂದವನು ಪರರ ನಾಡಿಗೆ ಮಾಡುವ ಸೇವೆ ಎಷ್ಟರದು? ಪ್ರಾಣವಿರುವವರೆಗೂ ಬಂದ ಊರಿನಲ್ಲಿಯೇ ಇರುವೆನೆಂದು ಹೊರಟ ಹಳೆಯ ಪಾದ್ರಿಯೇ ಇವರಿಗೆ ಅಳತೆಗೋಲು. ಆ ಅಳತೆಗೋಲು ಎಲ್ಲ ಕಡೆಯೂ ಸಲ್ಲದೆಂಬುದಕ್ಕೆ 1843ರ ಅಕ್ರೊಪಾಂಗಿನ ಪ್ರಕರಣವು ಸಾಕ್ಷಿಯೆಂದು ನಮಗೆ ತೋರುತ್ತದೆ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. 1828ರ ಡಿಸೆಂಬರಿನಲ್ಲಿ ನಾಲ್ವರು ಬಾಸೆಲ್ ಮಿಶನರಿಗಳು ಡೇನರ ಕೋಟೆಯಾದ ಕ್ರಿಸ್ಟಿಯಾನ್ಸ್‌ಬೋರ್ಗಿನಲ್ಲಿ ಇಳಿದರು. ವರ್ಷ ತುಂಬುವುದರೊಳಗೆ ಮೂವರು ಜ್ವರದಿಂದ ತೀರಿಕೊಂಡರು. ನಾಲ್ಕನೆಯವನು 1831ರಲ್ಲಿ ಸತ್ತನು. 1832ರಲ್ಲಿ ಮತ್ತೆ ಮೂವರು ಬಂದರು. ಕೆಲವೇ ತಿಂಗಳಲ್ಲಿ ಇಬ್ಬರು ಹೋದರು. ಆ ಇಬ್ಬರಲ್ಲಿ ಒಬ್ಬನು ವೈದ್ಯನೇ ಆಗಿದ್ದನೆಂಬುದು ವಿಧಿಯ ಅಣಕ. ಉಳಿದವನು ಆಂಡ್ರಿಯಾಸ್ ರೀಸ್. ಇವನು ಬದುಕಿದ್ದು ನಾಡವೈದ್ಯನೊಬ್ಬನ ಚಿಕಿತ್ಸೆಯಿಂದ ಎಂಬುದನ್ನು ಮಿಶನ್ನಿನ ಚರಿತ್ರೆಗಳೇ ಒಪ್ಪುತ್ತವೆ. 1835ರಲ್ಲಿ ರೀಸನು ಕರಾವಳಿಯನ್ನು ಬಿಟ್ಟು ಅಕ್ವಾಪಿಮ್ ಬೆಟ್ಟಸೀಮೆಯ ಅಕ್ರೊಪಾಂಗಿಗೆ ಹೋಗಿ ಮನೆ ಕಟ್ಟಿದನು. ಊರವರು ಅವನಿಗೆ ‘ಮನೆ ಕಟ್ಟುವವನು’ ಎಂಬರ್ಥದ ಹೆಸರನ್ನೇ ಇಟ್ಟರು. ಆಮೇಲೆ ಬಂದ ಇಬ್ಬರೂ ಅಳಿದರು. ಹನ್ನೆರಡು ವರ್ಷ, ಒಂಬತ್ತು ಮಂದಿ, ಎಂಟು ಗೋರಿಗಳು. ಒಬ್ಬನಿಗೂ ದೀಕ್ಷಾಸ್ನಾನವನ್ನು ಕೊಡದೆ 1840ರಲ್ಲಿ ರೀಸನು ಯೂರೋಪಿಗೆ ಮರಳಿದನು. ಪ್ರಾಣವಿರುವವರೆಗೂ ಇರುವೆನೆಂಬ ಪ್ರತಿಜ್ಞೆಯು ಇಲ್ಲಿ ಬಹುಮಟ್ಟಿಗೆ ಕೆಲವು ತಿಂಗಳ ಮಾತಾಗಿತ್ತು!

ಕೆಲಸವನ್ನು ಕೈಬಿಡಬೇಕೆಂಬ ಮಾತು ಬಾಸೆಲಿನಲ್ಲಿ ಹುಟ್ಟಿತು. ಅಕ್ರೊಪಾಂಗಿನ ಅರಸನಾಗಿದ್ದ ಅದ್ದೊ ದಂಕ್ವಾ ಎಂಬವನು, ಗ್ರಂಥವನ್ನು ದೇವರು ಬಿಳಿಯರಿಗೆಂದು ಕೊಟ್ಟಿರುವನು, ಅದನ್ನು ಓದಬಲ್ಲ ಕರಿಯರನ್ನು ನೀವು ತೋರಿಸಿದರೆ ನಾವೂ ಆಲೋಚಿಸುವೆವು ಎಂಬರ್ಥದಲ್ಲಿ ಹೇಳಿದನೆಂದು ಮಿಶನ್ನಿನ ಪರಂಪರೆಯಲ್ಲಿ ಹೇಳಿಕೆಯುಂಟು. ಅರಸನ ಮಾತು ನಮಗೆ ಮಿಶನರಿಗಳ ಬಾಯಿಂದಲೇ ಬಂದಿರುವುದರಿಂದ ಅದರ ಅಕ್ಷರಾಕ್ಷರವನ್ನು ನಂಬಬೇಕಾಗಿಲ್ಲ. ಆದರೆ ಆ ವಾದವು ಬಾಸೆಲಿನಲ್ಲಿ ಕೆಲಸಮಾಡಿತೆಂಬುದರಲ್ಲಿ ಸಂಶಯವಿಲ್ಲ. ಮಿಶನ್ನಿನ ಆಗಿನ ಮುಖ್ಯಾಧಿಕಾರಿಯಾದ ಹಾಫ್‌ಮನ್ನನು ವೆಸ್ಟ್ ಇಂಡೀಸಿನ ಕಡೆಗೆ ದೃಷ್ಟಿಯನ್ನು ತಿರುಗಿಸಿದನು. ಜಮೈಕಾ ದ್ವೀಪದಲ್ಲಿ ಮೊರೇವಿಯನ್ ಪಂಥದವರು 1754ರಿಂದ ಕೆಲಸಮಾಡುತ್ತಿದ್ದರು. 1838ರಲ್ಲಿ ಅಲ್ಲಿನ ಗುಲಾಮರು ಪೂರ್ಣವಾಗಿ ವಿಮುಕ್ತರಾಗಿದ್ದರು. ಆಫ್ರಿಕೆಯ ರಕ್ತದವರು, ಉಷ್ಣದೇಶಕ್ಕೆ ಒಗ್ಗಿದವರು, ಓದು ಬಲ್ಲ ಕ್ರೈಸ್ತರು: ಇಂತಹ ಕುಟುಂಬಗಳನ್ನು ಕರೆತಂದು ನೆಲೆಸಿದರೆ ಅದೇ ಅರಸನಿಗೆ ಉತ್ತರವಾಗುವುದೆಂದು ಅವರ ಎಣಿಕೆ.

ರೀಸನೂ, ವಿಡ್ಮನ್ ಎಂಬ ಯುವಕನೂ, ಲೈಬೀರಿಯಾದಲ್ಲಿ ಹುಟ್ಟಿ ಬಾಸೆಲಿನಲ್ಲಿ ಓದಿ ದೀಕ್ಷೆ ಪಡೆದ ಜಾರ್ಜ್ ಥಾಮ್ಸನ್ನನೂ ಜಮೈಕಾಕ್ಕೆ ಹೋದರು. ಅಲ್ಲಿ ಮೊರೇವಿಯನ್ ಸಭೆಗಳಲ್ಲಿ ಜನರನ್ನು ಆರಿಸಿ, ಆಂಟಿಗ್ವಾದವನೊಬ್ಬನನ್ನೂ ಕೂಡಿಸಿಕೊಂಡು, ಮಕ್ಕಳುಮರಿಗಳೊಡನೆ ಇಪ್ಪತ್ತನಾಲ್ಕು ಮಂದಿಯ ಗುಂಪೊಂದನ್ನು ಕಟ್ಟಿದರು. 1843ರ ಫೆಬ್ರವರಿಯಲ್ಲಿ ಕಿಂಗ್‌ಸ್ಟನ್ನಿನಿಂದ ಹೊರಟ ‘ಜೋಸೆಫ್ ಆಂಡರ್ಸನ್’ ಎಂಬ ಹಡಗು ಏಪ್ರಿಲ್ ಮಧ್ಯಭಾಗದಲ್ಲಿ ಕ್ರಿಸ್ಟಿಯಾನ್ಸ್‌ಬೋರ್ಗನ್ನು ಮುಟ್ಟಿತು. ಜೂನಿನಲ್ಲಿ ಅವರು ಬೆಟ್ಟವನ್ನೇರಿ ಅಕ್ರೊಪಾಂಗಿನಲ್ಲಿ ನೆಲೆಸಿದರು.

ನಮ್ಮ ವಿಷಯದ ತಿರುಳಿರುವುದು ಹಡಗು ಹತ್ತುವ ಮೊದಲು ಆದ ಕರಾರಿನಲ್ಲಿ. ಪ್ರಯಾಣದ ವೆಚ್ಚ ಮಿಶನ್ನಿನದು. ಮನೆ ಮತ್ತು ಭೂಮಿಯನ್ನು ಮಿಶನ್ ಒದಗಿಸಬೇಕು. ಮೊದಲ ಎರಡು ವರ್ಷ ನಿರ್ವಾಹದ ಭಾರವೂ ಅದರದೇ. ಐದು ವರ್ಷ ಕಳೆದ ಮೇಲೆ ಯಾರಾದರೂ ತಾಯ್ನಾಡಿಗೆ ಮರಳಲು ಇಷ್ಟಪಟ್ಟರೆ, ಅವರ ನಡತೆಯಲ್ಲಿ ದೋಷವಿಲ್ಲದ ಪಕ್ಷದಲ್ಲಿ, ಹಿಂದಿರುಗುವ ಪ್ರಯಾಣಕ್ಕೂ ಮಿಶನ್ನೇ ಹಣ ಕೊಡಬೇಕು. ಈ ಕಡೆಯ ಷರತ್ತನ್ನು ಮಿಶನ್ ಚರಿತ್ರಕಾರರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಕೆಲವರ ಬರಹದಲ್ಲಿ ಸಣ್ಣದೊಂದು ತಾತ್ಸಾರವೂ ಕಾಣುತ್ತದೆ: ಇವರು ಮಿಶನರಿಗಳಲ್ಲ, ಬರಿಯ ‘ವಲಸೆಗಾರರು’, ಅವಧಿಯನ್ನು ಕಟ್ಟಿಕೊಂಡು ಬಂದವರು.

ಆದರೆ ಈ ಷರತ್ತನ್ನು ಕೇಳಿದವರು ಯಾರೆಂಬುದನ್ನು ನೋಡಬೇಕು. ಅವರ ಹಿರಿಯರು ಇದೇ ಅಟ್ಲಾಂಟಿಕ್ ಸಾಗರವನ್ನು ಎದುರು ದಿಕ್ಕಿನಲ್ಲಿ, ಸಂಕೋಲೆಯಲ್ಲಿ, ದಾಟಿದವರು. ಈಗ ಇಳಿದ ಕ್ರಿಸ್ಟಿಯಾನ್ಸ್‌ಬೋರ್ಗಿನಿಂದಲೇ ಡೇನರು 1803ರವರೆಗೆ ಗುಲಾಮರನ್ನು ಹಡಗು ಹತ್ತಿಸುತ್ತಿದ್ದರು. ಗುಲಾಮನ ಪ್ರಯಾಣಕ್ಕೆ ಮರುಪ್ರಯಾಣವಿಲ್ಲ. ಅದೇ ಅದರ ಲಕ್ಷಣ. ಅಕ್ವಾಪಿಮ್ ಸೀಮೆಯೊಳಗಾದರೂ ಜೀತದ ಆಳುಗಳನ್ನಿಟ್ಟುಕೊಳ್ಳುವ ವಾಡಿಕೆ ಆಗ ಇದ್ದೇ ಇತ್ತು. ಗೋಲ್ಡ್ ಕೋಸ್ಟಿನಲ್ಲಿ ಅದು ಕಾನೂನಿನಿಂದ ನಿಂತುದು 1874ರಲ್ಲಿ. ಐದೇ ವರ್ಷದ ಹಿಂದೆ ಬಿಡುಗಡೆ ಹೊಂದಿದ ಮನುಷ್ಯನು ಹೆಂಡತಿಮಕ್ಕಳೊಡನೆ ಅಂತಹ ನಾಡಿಗೆ ಹೊರಡುವಾಗ, ‘ಇಷ್ಟು ದಿನ ಇರುವೆನು, ಆಮೇಲೆ ನನ್ನಿಚ್ಛೆ’ ಎಂದು ಕಾಗದದಲ್ಲಿ ಬರೆಯಿಸಿಕೊಂಡರೆ ಅದು ಭಕ್ತಿಯ ಕೊರತೆಯೆ? ವಿಮುಕ್ತನೆಂಬ ಮಾತಿಗೆ ಅರ್ಥ ಬರುವುದೇ ಅಲ್ಲಿ. ಅವಧಿಯ ಕರಾರು ಇಲ್ಲದಿದ್ದರೆ ಈ ಯಾತ್ರೆಯೇ ನಡೆಯುತ್ತಿರಲಿಲ್ಲವೆಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಗುಂಪಿನೊಡನೆ ಬಂದ ಕ್ಯಾಥರೀನ್ ಮಲ್ಗ್ರೇವ್ ಎಂಬಾಕೆಯ ಬಾಳು ಇದಕ್ಕೆ ಭಾಷ್ಯದಂತಿದೆ. ಈಕೆ ಆಂಗೋಲದ ಲುವಾಂಡದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗುಲಾಮವ್ಯಾಪಾರಿಗಳ ಕೈಗೆ ಸಿಕ್ಕಿದವಳು. 1833ರಲ್ಲಿ ಆಕೆಯಿದ್ದ ಹಡಗು ಜಮೈಕಾದ ತೀರದಲ್ಲಿ ಒಡೆಯಿತು. ದ್ವೀಪದ ಗವರ್ನರನಾಗಿದ್ದ ಮಲ್ಗ್ರೇವ್ ಪ್ರಭುವಿನ ಮನೆತನದ ಆಶ್ರಯದಲ್ಲಿ ಬೆಳೆದು, ಓದಿ, ಉಪಾಧ್ಯಾಯಿನಿಯಾದಳು. ಥಾಮ್ಸನ್ನನನ್ನು ಮದುವೆಯಾಗಿ ಆಫ್ರಿಕೆಗೆ ಬಂದು, 1843ರಲ್ಲಿಯೇ ಕ್ರಿಸ್ಟಿಯಾನ್ಸ್‌ಬೋರ್ಗಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದಳು. ಆ ಮದುವೆ ಮುರಿಯಿತು. 1851ರಲ್ಲಿ ಮಿಶನರಿ ಜಿಮ್ಮರ್‌ಮನ್ನನು, ಬಾಸೆಲಿನ ಅಪ್ಪಣೆಯನ್ನು ಕಾಯದೆ, ಆಕೆಯನ್ನು ವರಿಸಿದನು. ಮೇಲಿನವರಿಗೆ ಇದರಿಂದ ಬಹಳ ಅಸಮಾಧಾನವಾಯಿತು. ಈ ಜಿಮ್ಮರ್‌ಮನ್ನನೇ ಗಾ ಭಾಷೆಗೆ ವ್ಯಾಕರಣವನ್ನು ಬರೆದು ಬೈಬಲನ್ನು ತಂದವನು. 1891ರಲ್ಲಿ ಕ್ಯಾಥರೀನಳು ತೀರಿಕೊಂಡಳು. ಮೊದಲ ಸಲ ಕಡಲನ್ನು ದಾಟಿಸಿದುದು ಅನ್ಯರು. ಎರಡನೆಯ ಸಲ ದಾಟಿದುದು ತನ್ನ ಮನಸ್ಸಿನಿಂದ.

ಅಕ್ರೊಪಾಂಗಿನಲ್ಲಿ ಬಂದವರ ಬಾಳು ಸುಖದ್ದಾಗಿರಲಿಲ್ಲ. ಮನೆ, ಆಹಾರ, ಕೂಲಿ ಈ ಮೂರರ ವಿಷಯದಲ್ಲಿಯೂ ಜಗಳ ಹುಟ್ಟಿತು. ಕೂಲಿಯಿಲ್ಲದೆ ದುಡಿಯಲಾರೆವೆಂದು ಅವರು ಹೇಳಿದರೆ, ಪಾದ್ರಿಗಳು ಅದನ್ನು ಸೋಮಾರಿತನವೆಂದೂ ಕೃತಘ್ನತೆಯೆಂದೂ ಬರೆದರು. ರೀಸನು ಶೂರನೇ ಸರಿ, ಆದರೆ ಬಹು ಕಠಿಣನು. ಅವನ ನಡವಳಿಯ ವಿಷಯವಾಗಿ ದೂರುಗಳು ಬೆಳೆದು 1845ರಲ್ಲಿ ಅವನು ಅಲ್ಲಿಂದ ಹೊರಟುಹೋಗಬೇಕಾಯಿತು. ಸ್ಥಳದ ಜನರ ಮೇಲೆ ವೆಸ್ಟ್ ಇಂಡಿಯನ್ನರಿಗೂ ಒಂದು ಬಗೆಯ ಮೇಲರಿಮೆ ಇತ್ತೆಂಬುದನ್ನು ಮುಚ್ಚಬೇಕಾಗಿಲ್ಲ. ಚರಿತ್ರೆಯ ಆಧಾರಗಳೆಲ್ಲ ಹೆಚ್ಚಾಗಿ ಮಿಶನರಿಗಳ ಪತ್ರಗಳು. ಕೂಲಿ ಕೇಳಿದವನ ಮಾತು ಕೂಲಿ ಕೊಡಬೇಕಾದವನ ಲೇಖನಿಯಿಂದ ನಮಗೆ ದೊರೆಯುತ್ತಿದೆ ಎಂಬುದನ್ನು ಸಂಶೋಧಕನು ಮರೆಯಬಾರದು.

ಐದು ವರ್ಷ ಮುಗಿಯಿತು. ಕೆಲವರು ಹಿಂದಿರುಗಿದರು, ಹಲವು ಮನೆತನಗಳು ಉಳಿದವು. ಉಳಿದವರಲ್ಲಿ ಅಲೆಗ್ಸಾಂಡರ್ ವರ್ದಿ ಕ್ಲಾರ್ಕನೂ, ಹಾಲ್, ಮಿಲ್ಲರ್, ಮಲ್ಲಿಂಗ್ಸ್, ರೋಚೆಸ್ಟರ್ ಮನೆತನದವರೂ ಪ್ರಸಿದ್ಧರು. ಅವರು ನೆಲೆಸಿದ ಬೀದಿಗೆ ಜಮೈಕಾದ ಒಂದು ಪ್ರಾಂತದ ಹೆಸರಿನಿಂದ ಹ್ಯಾನೋವರ್ ಬೀದಿ ಎಂಬ ಹೆಸರಾಯಿತು. ಕೆಸುವಿನ ಜಾತಿಯ ಗೆಡ್ಡೆ, ಬೆಣ್ಣೆಹಣ್ಣು, ಮಾವು ಇವುಗಳನ್ನು ಆ ಸೀಮೆಗೆ ತಂದವರು ಅವರೇ ಎಂದು ಅಲ್ಲಿನ ಹೇಳಿಕೆ. ಮಾವಿನ ವಿಷಯ ನಮ್ಮವರಿಗೆ ಸ್ವಾರಸ್ಯವಾದುದು. ಜಮೈಕಾಕ್ಕೆ ಅದು ಬಂದದ್ದು 1782ರಲ್ಲಿ, ಇಂಗ್ಲಿಷರು ಸೆರೆಹಿಡಿದ ಫ್ರೆಂಚರ ಹಡಗೊಂದರ ಸಸಿಗಳ ಮೂಲಕ. ಆ ಹಣ್ಣಿಗೆ ಇಂಗ್ಲಿಷಿನಲ್ಲಿರುವ ಹೆಸರಾದರೋ ಪೋರ್ಚುಗೀಸರು ನಮ್ಮ ನೆರೆಯ ದ್ರಾವಿಡ ನುಡಿಗಳಿಂದ ಕೊಂಡೊಯ್ದದ್ದು.

ಭಾಷೆಯ ಮಾತು ಬಂದುದರಿಂದ ಇನ್ನೊಂದನ್ನು ಸೇರಿಸಬಹುದು. ಜಮೈಕಾದವರ ಮಾತು ಇಂಗ್ಲಿಷಿನ ಒಂದು ಬಗೆ. ಅಕ್ರೊಪಾಂಗಿನ ಟ್ವಿ ಭಾಷೆ ಅವರಿಗೆ ಪರಭಾಷೆ. ಆದರೆ ಪೂರ್ತಿ ಪರದ್ದಲ್ಲ. ಗೋಲ್ಡ್ ಕೋಸ್ಟಿನಿಂದ ಒಯ್ದ ಗುಲಾಮರ ಮೂಲಕ ಟ್ವಿ ಮೊದಲಾದ ಅಕಾನ್ ನುಡಿಗಳ ಪದಗಳೂ, ಅನಾನ್ಸಿ ಎಂಬ ಜಾಣ ಜೇಡನ ಕಥೆಗಳೂ ಜಮೈಕಾದಲ್ಲಿ ಉಳಿದಿದ್ದವು. ಹುಟ್ಟಿದ ವಾರಕ್ಕೆ ಸರಿಯಾಗಿ ಮಗುವಿಗೆ ಹೆಸರಿಡುವುದು ಅಕಾನರ ಪದ್ಧತಿ. ಸೋಮವಾರದ ‘ಕೋಜೊ’ ಜಮೈಕಾದಲ್ಲಿ ‘ಕಜೊ’ ಆಗಿ, ಬ್ರಿಟಿಷರೊಡನೆ 1739ರಲ್ಲಿ ಕೌಲು ಮಾಡಿಕೊಂಡ ಸ್ವತಂತ್ರ ನಾಯಕನೊಬ್ಬನ ಹೆಸರಾಯಿತು. ಭಾನುವಾರದ ‘ಕ್ವಾಸಿ’ಯಾದರೋ ‘ಕ್ವಾಶಿ’ ಎಂದಾಗಿ ತೋಟದ ದೊರೆಗಳ ಬಾಯಲ್ಲಿ ಪೆದ್ದನೆಂಬ ಬೈಗುಳವಾಗಿಹೋಯಿತು. ಬೈಗುಳವಾಗಿ ಕಿವಿಗೆ ಬಿದ್ದಿದ್ದ ಮಾತು ಅಕ್ರೊಪಾಂಗಿನ ಬೀದಿಯಲ್ಲಿ ಮರ್ಯಾದಸ್ಥರ ಹೆಸರಾಗಿರುವುದನ್ನು ಈ ಜನರು ಕಂಡರು.

ಟ್ವಿ ಭಾಷೆಯ ಶಾಸ್ತ್ರೀಯ ವ್ಯಾಸಂಗವನ್ನು ಕ್ರಿಸ್ಟಾಲರನು ನಡೆಸಿದನು. ಅವನು ಆಫ್ರಿಕೆಗೆ ಹೋದುದು 1853ರಲ್ಲಿ. ನಮ್ಮ ಕಿಟ್ಟೆಲರು ಇಲ್ಲಿಗೆ ಬಂದುದೂ ಅದೇ ವರ್ಷ. ಇಬ್ಬರೂ ಬಾಸೆಲಿನ ಒಂದೇ ಶಾಲೆಯಲ್ಲಿ ಒಂದೇ ಕಾಲಕ್ಕೆ ಕಲಿತವರು. 1871ರಲ್ಲಿ ಟ್ವಿ ಬೈಬಲ್, 1879ರಲ್ಲಿ 3,600 ಗಾದೆಗಳ ಸಂಗ್ರಹ, 1881ರಲ್ಲಿ ನಿಘಂಟು—ಹೀಗೆ ಅವನ ಕೆಲಸ ನಡೆಯಿತು. ಈ ಕೆಲಸ ಐದು ವರ್ಷದ ಅವಧಿಯವರಿಂದ ಆಗತಕ್ಕದ್ದಲ್ಲ, ನಿಜ. ಆದರೆ 1828ರಿಂದ 1840ರವರೆಗೆ ಎಂಟು ಗೋರಿಗಳಷ್ಟೇ ಇದ್ದ ನಾಡಿನಲ್ಲಿ ಕ್ರಿಸ್ಟಾಲರನು ಬಂದು ಕೂಡುವುದಕ್ಕೆ ಒಂದು ಊರು, ಒಂದು ಸಭೆ, 1848ರಿಂದ ನಡೆಯುತ್ತಿದ್ದ ಒಂದು ಉಪಾಧ್ಯಾಯರ ಶಾಲೆ ಇವು ಇದ್ದುವಷ್ಟೆ. ನಿಘಂಟಿನ ಮುಖಪುಟದ ಮೇಲೆ ಹೆಸರು ಬರುವುದು ಕಡೆಗೆ ಬಂದವನದು.

ಕ್ಲಾರ್ಕನು ಇಪ್ಪತ್ತಮೂರರ ಪ್ರಾಯದಲ್ಲಿ ಬಂದವನು. ಕ್ರಿಸ್ಟಿಯಾನ್ಸ್‌ಬೋರ್ಗಿನ ಮೊದಲ ಶಾಲೆಯಲ್ಲಿ ಪಾಠ ಹೇಳಿ, 1848ರಲ್ಲಿ ಅಲ್ಲಿಯ ಹೆಸ್ಸೆ ಮನೆತನದ ಪಾಲೀನಳನ್ನು ಮದುವೆಯಾಗಿ, ಅರುವತ್ತಕ್ಕೂ ಹೆಚ್ಚು ವರ್ಷ ಆ ನಾಡಿನಲ್ಲಿ ಬಾಳಿ 1906ರಲ್ಲಿ ತೀರಿಕೊಂಡನು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಮಂಗಳೂರಿನಲ್ಲಿ ಮಾಡಿದಂತೆಯೇ ಅಲ್ಲಿಯೂ ಬಾಸೆಲ್ ಮಿಶನರಿಗಳನ್ನು ಹೊರಗೆ ಕಳುಹಿಸಿತು. ಸಭೆಯ ಆಡಳಿತ ಸ್ಥಳೀಯರ ಕೈಗೆ ಬಂದು, 1918ರಲ್ಲಿ ಅದರ ಮಹಾಸಭೆಗೆ ಮೊದಲ ಕಾರ್ಯದರ್ಶಿಯನ್ನು ಆರಿಸಿದರು. ಅವನು ನಿಕೊಲಸ್ ತಿಮೋಥಿ ಕ್ಲಾರ್ಕ್, ಐದು ವರ್ಷದ ಕರಾರಿನ ಮೇಲೆ ಬಂದವನ ಮಗ. 1932ರವರೆಗೆ ಆ ಅಧಿಕಾರವನ್ನು ನಡೆಸಿದನು.