ಯುಡಾಲ್, ಮಾರಿಸ್ ಕಿಂಗ್

1922-1998. ಅಮೆರಿಕದ ವಕೀಲ, ರಾಜಕಾರಣಿ. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿದ್ದು ಮುಂದೆ ಮೂವತ್ತು ವರ್ಷ ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯನಾಗಿದ್ದ. ಆರಿಜೋನ ರಾಜ್ಯದ ಸೇಂಟ್ ಜಾನ್ಸ್ ಎಂಬ ಸಣ್ಣ ಊರಿನಲ್ಲಿ, 19ನೆಯ ಶತಮಾನದಲ್ಲಿ ಅಮೆರಿಕದಲ್ಲೇ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಪಂಥಕ್ಕೆ ಸೇರಿದ ಕುಟುಂಬದಲ್ಲಿ ಜೂನ್ 15ರಂದು ಜನಿಸಿದ. ತಂದೆ ಲೀವೈ ಮುಂದೆ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾದ.

ಆರನೆಯ ವಯಸ್ಸಿನಲ್ಲಿ ಆದ ಗಾಯದಿಂದ ಯುಡಾಲ್ ಬಲಗಣ್ಣನ್ನು ಕಳೆದುಕೊಂಡು ಗಾಜಿನ ಕಣ್ಣು ಹಾಕಿಸಿಕೊಳ್ಳಬೇಕಾಯಿತು. ಆರಡಿ ಐದಂಗುಲ ಎತ್ತರದ ಈತ ಅದೇ ಸ್ಥಿತಿಯಲ್ಲಿ ಆರಿಜೋನ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ. ಚೆಂಡಿನ ದೂರವನ್ನು ಅಳೆಯಲು ಎರಡು ಕಣ್ಣೂ ಬೇಕೆನಿಸುವ ಆಟದಲ್ಲಿ ಇದು ಸಣ್ಣ ಸಾಧನೆಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ವಾಯುದಳದಲ್ಲಿದ್ದು ಮರಳಿದ ಮೇಲೆ, 1948-49ರ ಋತುವಿನಲ್ಲಿ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗಿನ ಡೆನ್ವರ್ ನಗೆಟ್ಸ್ ತಂಡಕ್ಕೆ ಆಡಿದ. ಅಮೆರಿಕದ ಇಂದಿನ ಪ್ರಮುಖ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎ 1949ರಲ್ಲಿ ಎರಡು ಲೀಗುಗಳ ವಿಲೀನದಿಂದ ರೂಪುಗೊಂಡಿತು. ಈ ಲೀಗು ಅವುಗಳಲ್ಲಿ ಒಂದು. ಅಂದಿನ ನಗೆಟ್ಸ್‌ಗೂ ಇಂದು ಅದೇ ಹೆಸರಿನಲ್ಲಿರುವ ತಂಡಕ್ಕೂ ಸಂಬಂಧವಿಲ್ಲ.

1949ರಲ್ಲಿ ಕಾನೂನು ಪದವಿ ಪಡೆದ ಯುಡಾಲ್ ಅಣ್ಣ ಸ್ಟೂವರ್ಟನೊಡನೆ ಟೂಸಾನ್ ನಗರದಲ್ಲಿ ವಕೀಲಿ ಆರಂಭಿಸಿದ. ಪೀಮಾ ಕೌಂಟಿಯ, ಎಂದರೆ ಜಿಲ್ಲೆಯಂಥ ಆಡಳಿತ ಘಟಕದ, ಸರ್ಕಾರಿ ವಕೀಲನ ಹುದ್ದೆಗೆ ಚುನಾಯಿತನಾಗಿ 1953-54ರಲ್ಲಿ ಕೆಲಸ ಮಾಡಿದ. ಪ್ರತಿನಿಧಿ ಸಭೆಯಲ್ಲಿದ್ದ ಸ್ಟೂವರ್ಟ್ 1961ರಲ್ಲಿ ಅಧ್ಯಕ್ಷ ಕೆನಡಿಯ ಸಂಪುಟ ಸೇರಿದಾಗ ತೆರವಾದ ಸ್ಥಾನವನ್ನು ಯುಡಾಲ್ ಉಪಚುನಾವಣೆಯಲ್ಲಿ ಗೆದ್ದ.

ಹಿರಿತನವೊಂದೇ ಅಧಿಕಾರವನ್ನು ತರುವ ಸಭೆಯ ಪದ್ಧತಿ ಈತನಿಗೆ ಒಪ್ಪಿಗೆಯಾಗಿರಲಿಲ್ಲ. 1969ರಲ್ಲಿ ವಯೋವೃದ್ಧ ಸ್ಪೀಕರ್ ಜಾನ್ ಮಕಾರ್ಮಕ್‌ನ ವಿರುದ್ಧ ಪಕ್ಷದೊಳಗೆ ಸ್ಪರ್ಧಿಸಿ 58ಕ್ಕೆ 178 ಮತಗಳಿಂದ ಸೋತ. 1971ರಲ್ಲಿ ಬಹುಮತ ಪಕ್ಷದ ನಾಯಕನ ಸ್ಥಾನವೂ ಕೈತಪ್ಪಿತು. 1976ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ರಾಜ್ಯಗಳಲ್ಲಿ ನಡೆಯುವ ಪ್ರಾಥಮಿಕ ಚುನಾವಣೆಗಳಲ್ಲಿ ಜಿಮ್ಮಿ ಕಾರ್ಟರ್‌ನ ಬೆನ್ನಿಗೇ ಇದ್ದು ಮೇಲಿಂದ ಮೇಲೆ ಎರಡನೆಯ ಸ್ಥಾನ ಪಡೆದ. ವಿಸ್ಕಾನ್ಸಿನ್‌ನಲ್ಲಂತೂ ರಾತ್ರಿ ದೂರದರ್ಶನಗಳು ಈತನೇ ಗೆದ್ದನೆಂದು ಸಾರಿದ್ದರೂ ಎಣಿಕೆ ಮುಗಿಯುವ ಹೊತ್ತಿಗೆ ಕಾರ್ಟರ್ ಮುಂದಾಗಿದ್ದ. ವಿಚಿತ್ರವೆಂದರೆ, ತಾನು ವಿರೋಧಿಸಿದ್ದ ಹಿರಿತನದ ಪದ್ಧತಿಯೇ ಯುಡಾಲನನ್ನು 1977ರಲ್ಲಿ ಸಭೆಯ ಆಂತರಿಕ ವ್ಯವಹಾರಗಳ ಸಮಿತಿಯ ಅಧ್ಯಕ್ಷನನ್ನಾಗಿಸಿತು. ಸಾರ್ವಜನಿಕ ಭೂಮಿ, ಗಣಿ, ಮೂಲನಿವಾಸಿಗಳ ವಿಷಯಗಳೆಲ್ಲ ಈ ಸಮಿತಿಯ ವ್ಯಾಪ್ತಿಗೆ ಬರುತ್ತಿದ್ದವು. ಈತನ ಹೆಸರು ಉಳಿದಿರುವುದು ಬಹುಮಟ್ಟಿಗೆ ಅಲ್ಲಿ ಮಾಡಿದ ಕೆಲಸದಿಂದಲೇ.

ನೆಲದ ಮೇಲ್ಪದರವನ್ನೇ ಕಿತ್ತು ಕಲ್ಲಿದ್ದಲು ತೆಗೆಯುವ ಕಂಪನಿಗಳು ಆ ನೆಲವನ್ನು ಮತ್ತೆ ಸರಿಪಡಿಸಬೇಕೆಂಬ ಮಸೂದೆಯನ್ನು ಅಧ್ಯಕ್ಷ ಫೋರ್ಡ್ ಎರಡು ಸಲ ತಳ್ಳಿಹಾಕಿದ್ದ. 1977ರ ಆಗಸ್ಟಿನಲ್ಲಿ ಅದು ಕಾರ್ಟರ್‌ನ ಸಹಿಯೊಂದಿಗೆ ಕಾನೂನಾಯಿತು. ಅಲಾಸ್ಕದ ಭೂಮಿಯ ಹೋರಾಟ ಇದಕ್ಕಿಂತ ದೀರ್ಘವಾದುದು. ಅಲ್ಲಿಯ ಒಕ್ಕೂಟ ಸರ್ಕಾರದ ಭೂಮಿಯಲ್ಲಿ ಎಷ್ಟನ್ನು ಉದ್ಯಾನ, ವನ್ಯಧಾಮಗಳಾಗಿ ಕಾಯ್ದಿರಿಸಬೇಕೆಂಬ ಯುಡಾಲನ ಮಸೂದೆ 1978ರಲ್ಲಿ ಪ್ರತಿನಿಧಿ ಸಭೆಯಲ್ಲಿ ಅನುಮೋದನೆ ಪಡೆದರೂ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಸಿಕ್ಕಿಕೊಂಡಿತು. ಅಲ್ಲಿ 1980ರಲ್ಲಿ ಒಪ್ಪಿಗೆ ಪಡೆದದ್ದು ಸಡಿಲಗೊಳಿಸಿದ ರೂಪ. ನವೆಂಬರಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಕಾರ್ಟರ್‌ನ ಎದುರು ರೇಗನ್ ಗೆದ್ದ ಮೇಲೆ, ಕಾದರೆ ಇಷ್ಟೂ ದಕ್ಕದೆಂದು ಅರಿತ ಯುಡಾಲ್ ಸೆನೆಟ್ಟಿನ ರೂಪವನ್ನೇ ಸಭೆಯಿಂದ ಒಪ್ಪಿಸಿದ. ಡಿಸೆಂಬರ್ 2ರಂದು ಕಾರ್ಟರ್ ಸಹಿ ಹಾಕಿದ ಈ ಕಾನೂನಿನಿಂದ 10 ಕೋಟಿ ಎಕರೆಗೂ ಹೆಚ್ಚು ಭೂಮಿ ರಕ್ಷಣೆ ಪಡೆಯಿತು.

ಆದರೂ ಈತನನ್ನು ಬರಿಯ ಪರಿಸರವಾದಿಯೆಂದು ಬಣ್ಣಿಸುವುದು ಪೂರ್ತಿ ನಿಜವಲ್ಲ. ಕೊಲರಾಡೊ ನದಿಯ ನೀರನ್ನು ಒಣನಾಡಾದ ಆರಿಜೋನದ ಒಳಭಾಗಕ್ಕೆ ಒಯ್ಯುವ ಕಾಲುವೆ ಯೋಜನೆಯನ್ನು ಈತ ಉದ್ದಕ್ಕೂ ಬೆಂಬಲಿಸಿದ್ದು, 1960ರ ದಶಕದಲ್ಲಿ ಅದರ ಅಂಗವಾಗಿ ಸೂಚಿತವಾಗಿದ್ದ ಗ್ರ್ಯಾಂಡ್ ಕ್ಯಾನಿಯನ್ ಪ್ರದೇಶದ ಅಣೆಕಟ್ಟುಗಳ ಪರವಾಗಿಯೂ ವಾದಿಸಿದ್ದ. 1968ರಲ್ಲಿ ಯೋಜನೆ ಮಂಜೂರಾದಾಗ ಆ ಅಣೆಕಟ್ಟುಗಳನ್ನು ಕೈಬಿಡಲಾಗಿತ್ತು.

ಹಾಸ್ಯಪ್ರಜ್ಞೆಗೆ ಹೆಸರಾದ ಯುಡಾಲ್ 1988ರಲ್ಲಿ ರಾಜಕೀಯ ವಿನೋದಗಳ ಪುಸ್ತಕವೊಂದನ್ನು ಪ್ರಕಟಿಸಿದ. ಕೈಕಾಲುಗಳ ಚಲನೆಯನ್ನು ಕ್ರಮೇಣ ಕುಗ್ಗಿಸುವ ಪಾರ್ಕಿನ್ಸನ್ ರೋಗ ಬಾಧಿಸುತ್ತಿದ್ದಂತೆಯೇ ಹತ್ತು ವರ್ಷಕ್ಕೂ ಮಿಕ್ಕಿ ಸಭೆಯಲ್ಲಿ ದುಡಿದು, 1991ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟ. 1996ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಸಂದಿತು. 1998ರ ಡಿಸೆಂಬರ್ 12ರಂದು ವಾಷಿಂಗ್ಟನ್‌ನಲ್ಲಿ ನಿಧನನಾದ. ಮಗ ಮಾರ್ಕ್ ಕೊಲರಾಡೊದಿಂದಲೂ ಸ್ಟೂವರ್ಟನ ಮಗ ಟಾಮ್ ನ್ಯೂ ಮೆಕ್ಸಿಕೋದಿಂದಲೂ ಸೆನೆಟ್ಟಿಗೆ ಆಯ್ಕೆಯಾಗಿ 2009ರಲ್ಲಿ ಅಧಿಕಾರ ಸ್ವೀಕರಿಸಿದರು.